ಸಿನಿಮಾಕ್ಕೆ ಹೋಗಿ ಬಂದ ಮೋಟಾರು

"ಮೋಟ್ರು ತಿರುವಿಕೊಂಡು ಹೋಗಪಾ ಬುಡ್ಡೇಸಾಬ. ನಾವು ಗಾಡಿ ಕಟ್ಟಾಕ ಹೇಳೀವಿ."

ಮಸ್ಕಿಯ ಜವಳಿ ವ್ಯಾಪಾರಿ ಕರಿಬಸಪ್ಪ ತನ್ನ ಮನೆಯ ಬಾಗಿಲಿಗೆ ಅಡ್ಡ ನಿಂತು ಇಷ್ಟು ಹೇಳಿ ಮುಖ ತಿರುಗಿಸಿದ. ಒಳಗೆ ಅವನ ಮಗಳು ಪಂಪಮ್ಮ ಚೊಚ್ಚಲ ಹೆರಿಗೆಯ ನೋವಿನಲ್ಲಿ ಹಿಂದಿನ ದಿನದಿಂದ ಒದ್ದಾಡುತ್ತಿದ್ದಳು. ಕೂಸು ಅಡ್ಡ ತಿರುಗಿದೆ, ಇದು ನನ್ನ ಕೈ ಮೀರಿದ್ದು, ಲಿಂಗಸುಗೂರಿನ ದವಾಖಾನೆಗೆ ಒಯ್ಯದೆ ಗತಿಯಿಲ್ಲ ಎಂದು ಸೂಲಗಿತ್ತಿ ಗದ್ದೆಮ್ಮ ತಾನೇ ಓಡಿಹೋಗಿ ಬುಡ್ಡೇಸಾಬನನ್ನು ಕರೆದಿದ್ದಳು. ಅವನು ತಿನ್ನುತ್ತಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಮೋಟಾರು ತಂದಿದ್ದ. ಬಸ್ಸು ಬೆಳ್ಳಂಬೆಳಗ್ಗೆಯೇ ಹೋಗಿಯಾಗಿತ್ತು. ಲಿಂಗಸುಗೂರು ಮೋಟಾರಿಗೆ ಒಂದು ತಾಸಿನ ದಾರಿ. ಎತ್ತಿನ ಗಾಡಿಗಾದರೆ ಹೊತ್ತು ಮುಳುಗುತ್ತದೆ. ಇದು ಕರಿಬಸಪ್ಪನಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಯಾಕೆ ಎಂದು ಬುಡ್ಡೇಸಾಬ್ ಕೇಳಿದ. ಕಾರಣ ಅವನಿಗೂ ಗೊತ್ತಿತ್ತು, ಆದರೂ ಅವರ ಬಾಯಿಂದಲೇ ಬರಲಿ ಎಂದು ಕೇಳಿದ. ಗಂಡನ ಹಿಂದಿನಿಂದ ಕಸ್ತೂರೆಮ್ಮ ಹೇಳಿದಳು.

"ಆ ಮೋಟ್ರಾಗ ಬಸುರಿ ಹೆಂಗಸು ಸತ್ತಾಳ. ನನ್ನ ಮಗಳನ್ನ ಅದರಾಗ ಹತ್ತಸಂಗಿಲ್ಲ."

ಬುಡ್ಡೇಸಾಬನ ಮೈಯೆಲ್ಲ ಉರಿದುಹೋಯಿತು. ಸತ್ತವಳು ಯಾರು? ಸಿನಿಮಾದವಳು.

ಜಾಗೀರುಗಳು ರದ್ದಾದ ವರ್ಷ ಮುದಗಲ್ ಕಡೆಯ ಜಾಗೀರದಾರರೊಬ್ಬರು ಮಾರಿದ ಕರಿ ಮೋಟಾರು ಅದು. ಹೆಂಡತಿ ಸಕೀನಾಬೀಯ ಮೈಮೇಲಿನ ಬಂಗಾರ ಬಿಚ್ಚಿಸಿ ಅವನು ಅದನ್ನು ಕೊಂಡಿದ್ದ. ಸುತ್ತಲಿನ ಹೆಣ್ಣುಮಕ್ಕಳು ಮದುವೆಗೆ, ಚೊಚ್ಚಲ ಬಸುರಿನ ಕುಬಸಕ್ಕೆ, ಬಾಣಂತನಕ್ಕೆ ಅದರಲ್ಲೇ ಓಡಾಡಿದವರು. ಪಂಪಮ್ಮ ಮದುವಣಗಿತ್ತಿಯಾಗಿ ಸಿಂಧನೂರಿನ ಅತ್ತೆಮನೆಗೆ ಹೋದದ್ದೂ ಅದರಲ್ಲೇ. ಹೋದ ವರ್ಷ ಮದ್ರಾಸಿನ ಸಿನಿಮಾ ಕಂಪನಿಯವರು ಮುದಗಲ್ ಕೋಟೆಗೆ ಬಂದು, ನಿನ್ನ ಮೋಟಾರು ಬೇಕು ಅಂದಾಗ ಬುಡ್ಡೇಸಾಬನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಿನಿಮಾದ ಕತೆಯಲ್ಲಿ ಹೆರಿಗೆಗೆಂದು ಹೊರಟ ಬಸುರಿಯೊಬ್ಬಳು ದಾರಿಯಲ್ಲೇ, ಅದರ ಹಿಂದಿನ ಸೀಟಿನಲ್ಲಿ, ಗಂಡನ ತೊಡೆಯ ಮೇಲೆ ಜೀವ ಬಿಡಬೇಕಿತ್ತು. ಬಿಟ್ಟಳು. ಬಿಟ್ಟವಳು ಎದ್ದು ಸೀರೆ ಕೊಡವಿಕೊಂಡು, ಸಕೀನಾಬೀ ಕರಿದು ಕಳಿಸಿದ್ದ ಮೆಣಸಿನಕಾಯಿ ಬಜ್ಜಿಯನ್ನು ಖಾರ ಖಾರ ಎನ್ನುತ್ತಲೇ ತಿಂದು, ಕೈ ತೊಳೆದುಕೊಂಡು ಮದ್ರಾಸಿಗೆ ಹೋದಳು.

ಸಿನಿಮಾ ಮಸ್ಕಿಯ ಟೆಂಟಿಗೆ ಬಂದಾಗ ಬುಡ್ಡೇಸಾಬನೇ ಓಣಿ ಓಣಿ ತಿರುಗಿ ಜನರನ್ನು ಹೊರಡಿಸಿಕೊಂಡು ಹೋಗಿದ್ದ. ಕತ್ತಲಲ್ಲಿ ಎದ್ದು ನಿಂತು, ನನ್ನ ಮೋಟಾರು ನೋಡ್ರಿ ಎಂದು ಕೂಗಿದ್ದ. ಕೆಲವು ದಿನ ಗೊರೇಬಾಳದಿಂದಲೂ ಜನ ಬಂದು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ, ಟೆಂಟಿನಲ್ಲಿ ಅತ್ತು ಕಣ್ಣು ಊದಿಸಿಕೊಂಡಿದ್ದ ಹೆಂಗಸರು ಅದರಿಂದ ದೂರ ಸರಿದು ನಡೆಯತೊಡಗಿದರು. ಬಸುರಿ ಸತ್ತ ಮನೆಗೆ ಇನ್ನೊಬ್ಬ ಬಸುರಿಯನ್ನು ಕಳಿಸದ ಊರು ಅದು. ಆ ಕಟ್ಟಳೆಯನ್ನೇ ಮೋಟಾರಿಗೂ ಹಚ್ಚಿತು. ಮದುವೆಗೆ ಕರೆಯುವವರಿಲ್ಲ, ಕುಬಸಕ್ಕೆ ಕರೆಯುವವರಿಲ್ಲ. ಅದಕ್ಕೊಂದು ಶಾಂತಿ ಮಾಡಿಸು ಅಂದರು. ಸಾಯದವಳಿಗೆ ಎಂಥ ಶಾಂತಿ ಎಂದು ಇವನು ಹಟ ಹಿಡಿದ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಗಿತ್ತು ಅವನ ಗತಿ.

ಈಗ ಅವನು ಮೋಟಾರಿನಿಂದ ಇಳಿದು ಕಸ್ತೂರೆಮ್ಮನ ಎದುರಿಗೆ ಬಂದು ನಿಂತ.

"ಆಕಿ ಸತ್ತಿಲ್ರೀ ಅವ್ವಾರ. ಸತ್ತ ಮ್ಯಾಲ ಎದ್ದು ನಮ್ಮನಿ ಬಜ್ಜಿ ತಿಂದಾಳ. ನಿಮ್ಮ ಮಗಳು ಸತ್ರ ಏಳಂಗಿಲ್ಲ."

ಆಡಬಾರದ ಮಾತು ಅದು. ಆಡಿದ ಮೇಲೆ ಅವನಿಗೂ ತಿಳಿಯಿತು. ಕಸ್ತೂರೆಮ್ಮ ನೆಟಿಗೆ ಮುರಿದು ಶಾಪ ಹಾಕಿದಳು. ನಾಲ್ಕು ಮಂದಿ ಹೇಳಿದ್ದರೆ ಮೆತ್ತಗಾಗುತ್ತಿದ್ದನೇನೋ ಕರಿಬಸಪ್ಪ, ಅವನೂ ಈಗ ಕಲ್ಲಾದ. ಗದ್ದೆಮ್ಮ ಇಬ್ಬರಿಗೂ ಕೈ ಮುಗಿದು ಬೇಡಿಕೊಂಡಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಳು ಗಾಳೆಪ್ಪ ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ತಂದು ನಿಲ್ಲಿಸಿದ. ಪಂಪಮ್ಮನನ್ನು ಇನ್ನೊಂದು ಕೌದಿಯಲ್ಲಿ ಎತ್ತಿಕೊಂಡು ಮೋಟಾರಿನ ಪಕ್ಕದಲ್ಲೇ ಸಾಗಿಸುವಾಗ ಅವಳು ಕಣ್ಣು ತೆರೆದಳು. ಕೈ ಚಾಚಿ ಮೋಟಾರಿನ ಬಾಗಿಲ ಹಿಡಿಕೆಯನ್ನು ಭದ್ರವಾಗಿ ಹಿಡಿದಳು.

"ಕಾಕಾ, ನಿನ್ನ ಮೋಟ್ರಾಗ ಕರಕೊಂಡು ಹೋಗು."

ಕಸ್ತೂರೆಮ್ಮ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬುಡ್ಡೇಸಾಬ್ ಹಲ್ಲು ಕಚ್ಚಿಕೊಂಡು ನಿಂತ. ಆ ಕೌದಿಯನ್ನು ಕಿತ್ತುಕೊಂಡು, ಹುಡುಗಿಯನ್ನು ಸೀಟಿನ ಮೇಲೆ ಹಾಕಿಕೊಂಡು ಹೊರಟುಬಿಡಬೇಕು ಅನ್ನಿಸಿತು. ಪರರ ಹೆಣ್ಣು. ದಾರಿಯಲ್ಲಿ ಏನಾದರೂ ಆದರೆ ಊರು ತನ್ನನ್ನು ಜೀವಂತ ಬಿಡುವುದೇ? ಆ ಹೆದರಿಕೆಗೆ ಅವನು ಕೈ ಚಾಚಲಿಲ್ಲ, ಹೆದರಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಗಾಡಿ ಹೊರಟಿತು. ಮನೆಗೆ ಹೋಗಿ ರೊಟ್ಟಿ ತಿನ್ನಬಹುದಾಗಿತ್ತು ಅವನು. ಹೋಗಲಿಲ್ಲ. ಮೋಟಾರನ್ನು ಗಾಡಿಯ ಹಿಂದೆಯೇ ನಡೆಸಿದ. ಎತ್ತಿನ ನಡಿಗೆಗೆ ಮೋಟಾರು ನಡೆಯುವುದೆಂದರೆ ಅದಕ್ಕೂ ಹಿಂಸೆ. ಎಂಜಿನ್ ಕಾಯ್ದು ಬುಸುಗುಟ್ಟುತ್ತಿತ್ತು. ಇವನು ನಿಲ್ಲಿಸಿ, ನೀರು ಹಾಕಿ, ಮತ್ತೆ ಹೋಗಿ ಗಾಡಿಯನ್ನು ಕೂಡಿಕೊಳ್ಳುತ್ತಿದ್ದ. ಒಳಗಿನಿಂದ ಪಂಪಮ್ಮ ಚೀರಿದಾಗಲೆಲ್ಲ ಹಾರನ್ ಒತ್ತುತ್ತಿದ್ದ. ಗಾಳೆಪ್ಪ ಪ್ರತಿಸಲವೂ ಯಜಮಾನನ ಮುಖ ನೋಡುತ್ತಿದ್ದ. ಪಕ್ಕದಲ್ಲಿ ನಡೆಯುತ್ತಿದ್ದ ಕರಿಬಸಪ್ಪ ತಲೆ ಎತ್ತಲಿಲ್ಲ. ಬುಡ್ಡೇಸಾಬ್ ಸಿನಿಮಾದವರನ್ನು ಬೈದ, ಕಸ್ತೂರೆಮ್ಮನನ್ನು ಬೈದ, ಟೆಂಟಿನಲ್ಲಿ ಕುಳಿತು ಅತ್ತ ಊರನ್ನೆಲ್ಲ ಬೈದ. ಕಡೆಗೆ, ಕತ್ತಲಲ್ಲಿ ಎದ್ದು ನಿಂತು ಕೂಗಿದ ತನ್ನ ಬಾಯಿಯನ್ನೂ ಬೈದುಕೊಂಡ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚೀರಾಟ ನರಳಾಟವಾಯಿತು. ಆಮೇಲೆ ಅದೂ ನಿಂತಿತು. ಗಾಳೆಪ್ಪ ಒಂದು ಬೇವಿನ ಮರದ ಕೆಳಗೆ ಎತ್ತುಗಳನ್ನು ನಿಲ್ಲಿಸಿದ. ಗದ್ದೆಮ್ಮ ಗಾಡಿಯಿಂದ ಇಳಿದು, ಯಾರ ಕಡೆಗೂ ನೋಡದೆ ರಸ್ತೆಯ ಬದಿಗೆ ಹೋಗಿ ಕುಳಿತಳು. ಕೂಸು ಹೊಟ್ಟೆಯಲ್ಲೇ ಉಳಿದಿತ್ತು. ಕಮಾನಿನೊಳಗಿಂದ ಕಸ್ತೂರೆಮ್ಮನ ಅಳು ಎದ್ದಿತು.

ಸ್ವಲ್ಪ ಹೊತ್ತಾದ ಮೇಲೆ ಕರಿಬಸಪ್ಪ ಮೋಟಾರಿನ ಹತ್ತಿರ ಬಂದ. ರುಮಾಲು ಕೈಯಲ್ಲಿತ್ತು.

"ಬುಡ್ಡೇಸಾಬ, ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು. ನಿನ್ನ ಮೋಟ್ರಾಗ ಊರಿಗೆ ಒಯ್ಯಪಾ. ಈಗೇನು ನಡಿತೈತಿ."

ಕರಿಬಸಪ್ಪನ ಕೊರಳಪಟ್ಟಿಗೆ ಹೋಗಲಿದ್ದ ಬುಡ್ಡೇಸಾಬನ ಕೈ ಸ್ಟೇರಿಂಗನ್ನು ಹಿಡಿದುಕೊಂಡಿತು. ಆಡಬೇಕಾದ ಮಾತೆಲ್ಲ ಬಾಯಿಗೆ ಬಂದಿತ್ತು. ಕೌದಿಯ ಅಂಚಿನಿಂದ ಹೊರಗೆ ಚಾಚಿದ್ದ ಹುಡುಗಿಯ ಪಾದ ಕಂಡಿತು. ಇಳಿದು ಹಿಂದಿನ ಬಾಗಿಲು ತೆರೆದ. ಕಸ್ತೂರೆಮ್ಮ ಕ್ಷಣವೂ ಹಿಂದೆಮುಂದೆ ನೋಡದೆ ಹತ್ತಿ, ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕರಿಬಸಪ್ಪ ಮುಂದೆ ಕುಳಿತ.

ಮೋಟಾರು ಬಂದ ದಾರಿಗೆ ತಿರುಗಿತು. ಬೆಳಗಿನಿಂದ ಕುದಿಯುತ್ತಿದ್ದ ಎಂಜಿನ್ ಈಗ ಸರಾಗವಾಗಿ ಓಡಿತು. ಗಾಳಿಗೆ ಕಸ್ತೂರೆಮ್ಮನ ಸೆರಗು ಹಾರುತ್ತಿತ್ತು. ಅಳುತ್ತಿದ್ದವಳು ಒಮ್ಮೆ ಹೊರಗೆ ನೋಡಿ ಅಳು ನಿಲ್ಲಿಸಿದಳು. ಎದುರಿಗೆ ಮಸ್ಕಿಯ ಗುಡ್ಡ ಕಾಣುತ್ತಿತ್ತು.

"ಇಷ್ಟು ಲಗೂ ಬಂತೇನು?" ಎಂದಳು.

ಮನೆಯ ಮುಂದಿನ ಧೂಳಿನಲ್ಲಿ ಬೆಳಗಿನ ಗಾಡಿಯ ಚಕ್ರದ ಗುರುತು ಅಳಿಸದೆ ಹಾಗೇ ಇತ್ತು. ಬುಡ್ಡೇಸಾಬ್ ಮೋಟಾರನ್ನು ಅದರ ಮೇಲೆ ತಂದು ನಿಲ್ಲಿಸಿದ.