ಕಸಿಯ ಗಂಟಿನ ಕೆಳಗೆ

ಅಪ್ಪನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನವೇ ದಿಯೆಪ್ ಬಿಳಿ ಬಟ್ಟೆಯನ್ನು ಉದ್ದುದ್ದ ಹರಿದುಕೊಂಡು ತೋಟಕ್ಕಿಳಿದಳು. ಮನೆಯ ಯಜಮಾನ ಸತ್ತರೆ ಅವನ ಕೈಯಾರೆ ಬೆಳೆದ ಮರಗಳಿಗೂ ಸೂತಕದ ಪಟ್ಟಿ ಕಟ್ಟಬೇಕು. ಹೀಗೆ ಸಾವಿನ ಸುದ್ದಿ ತಿಳಿಸದೆ ಬಿಟ್ಟರೆ ಮರ ಮುನಿಸಿಕೊಂಡು, ಒಣಗಿ, ಅವನ ಹಿಂದೆಯೇ ಹೊರಟುಬಿಡುತ್ತದೆ. ಚೋ ಲಾಕ್ ಸೀಮೆಯ ಕಾಲುವೆಗಳ ಉದ್ದಕ್ಕೂ ಎಲ್ಲರೂ ಕಟ್ಟುತ್ತಾರೆ. ನಂಬದವರು ಸ್ವಲ್ಪ ಬಿಗಿಯಾಗಿಯೇ ಕಟ್ಟುತ್ತಾರೆ.

ಅವಳಪ್ಪ ತಾಮ್ ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ರಂಬುಟಾನ್, ಚಕ್ಕೋತ, ಮಾವು ಎಲ್ಲಕ್ಕೂ ಪಟ್ಟಿ ಕಟ್ಟಿ ಬಂದು ಅವಳು ಕೊನೆಗೆ ಕಾಲುವೆ ದಂಡೆಯ ಹಳೆಯ ಡೂರಿಯನ್ ಎಂಬ ಮುಳ್ಳುಹಣ್ಣಿನ ಮರದ ಮುಂದೆ ನಿಂತಳು. ಸುತ್ತಲಿನ ತೋಟಗಳ ಅರ್ಧ ಡೂರಿಯನ್‌ಗಳು ಇದರ ಕುಡಿ ತಂದು ಕಟ್ಟಿದವೇ. "ಮೀಸೆ ಮೂಡೋ ಮುಂಚೆ ನಾನು ಕಟ್ಟಿದ ಕಸಿ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಬೇರೆ ಯಾವ ಮರ ಹೋದರೂ ಇದು ಹೋಗಬಾರದು. ದಿಯೆಪ್ ಎದೆಮಟ್ಟದಲ್ಲಿ ಪಟ್ಟಿ ಸುತ್ತಿ ಗಂಟು ಹಾಕಿದಳು.

"ಬಿಚ್ಚೇ ಅದನ್ನ."

ಹಿಂದೆ ನಿಂತಿದ್ದವನು ಚಿನ್ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ. ಆಚೆ ದಂಡೆಯಲ್ಲೇ ಮನೆ. ಒಮ್ಮೆ ತಾತನ ತಿಥಿಯ ಊಟದಲ್ಲಿ ಅಪ್ಪ ನೆಂಟರೆದುರು, "ಇವನ ಕೈ ತಾಗಿದ್ರೆ ಬಾಳೆಗಿಡಾನೂ ಒಣಗುತ್ತೆ" ಎಂದು ನಕ್ಕಿದ್ದ. ಚಿಕ್ಕಪ್ಪ ಅನ್ನದ ಬಟ್ಟಲು ಕೆಳಗಿಟ್ಟು ಎದ್ದು ಹೋದವನು ಮತ್ತೆ ಕಾಲುವೆ ಮೇಲಿನ ಬಿದಿರು ಸಂಕ ದಾಟಿರಲಿಲ್ಲ. ಬೆಳಿಗ್ಗೆ ಹೆಣ ಹೊರಟಾಗಲೂ ಆಚೆಯೇ ನಿಂತಿದ್ದ. ಈಗ ಬಂದಿದ್ದ, ತಲೆಗೆ ನೆಂಟರೆಲ್ಲ ಕಟ್ಟಿಕೊಳ್ಳುವ ಸೂತಕದ ಪಟ್ಟಿಯೂ ಇಲ್ಲದೆ.

"ಇದು ಅಪ್ಪನ ಮರ, ಚಿಕ್ಕಪ್ಪ."

"ಕಸಿ ನಂದು. ಬದುಕಿರೋನ ಮರಕ್ಕೆ ಸೂತಕ ಕಟ್ತಾರೇನೇ? ನಾನಿನ್ನೂ ಉಸಿರಾಡ್ತಾ ಇದೀನಿ."

ದಿಯೆಪ್‌ಗೆ ಮೈಯೆಲ್ಲ ಉರಿಯಿತು. "ಗೋರಿ ಮೇಲಿನ ಮಣ್ಣು ಇನ್ನೂ ಆರಿಲ್ಲ, ಅವರನ್ನ ಸುಳ್ಳುಗಾರ ಮಾಡೋಕೆ ಬಂದ್ರಾ? ಪಟ್ಟಿ ಬಿಚ್ಚಿ, ನಾಳೆ ಮರ ಒಣಗಿದ್ರೆ?"

"ನಿಮ್ಮಮ್ಮನ್ನ ಕೇಳು."

ಅಮ್ಮ ಹತ್ತಿರದಲ್ಲೇ ಹಿತ್ತಿಲ ಮೆಟ್ಟಿಲ ಮೇಲೆ ಬಟ್ಟಲು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಕಸಿ ಅವನದೇ ಕಣೆ. ನಾನು ಮದುವೆಯಾಗಿ ಬಂದಾಗ ಆ ಕುಡಿ ಬೆರಳುದ್ದ ಇತ್ತು. 'ಇನ್ನೂ ಮೀಸೆ ಮೂಡಿಲ್ಲ, ನನ್ನ ತಮ್ಮನ ಕೈಗುಣ ನೋಡು' ಅಂತ ಕರ್ಕೊಂಡು ಹೋಗಿ ತೋರಿಸಿದ್ರು ನಿಮ್ಮಪ್ಪ. ಆಮೇಲೆ ಮರಕ್ಕೆ ಹೆಸರು ಬಂತು. ಹೇಳ್ತಾ ಹೇಳ್ತಾ ಮಾತಿಂದ ತಮ್ಮ ಬಿಟ್ಟುಹೋದ, 'ನಾನು' ಬಂತು."

"ಅಣ್ಣ ಹಂಗಂದಿದ್ನಾ?" ಎಂದ ಚಿಕ್ಕಪ್ಪ.

"ಆಗ ಊರಿಗೆಲ್ಲ ಅಂದಿದ್ರು. ನಿಂಗೊಬ್ಬಂಗೆ ಹೇಳಿರಲಿಲ್ಲ."

ಬೇಕಾದಾಗ ಸಿಗದ ಹೊಗಳಿಕೆ ತಡವಾಗಿ ಬಂದರೆ ಅದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಚಿಕ್ಕಪ್ಪನೇ ಮುಂದೆ ಬಂದು ಪಟ್ಟಿ ಬಿಚ್ಚಿದ. ಪಟ್ಟಿಯನ್ನು ಕಾಲುವೆಗೆ ಎಸೆಯುತ್ತಾನೆಂದು ಹೆದರಿ ದಿಯೆಪ್ ಕೈ ಚಾಚಿದಳು. ಅಪ್ಪನ ಸುಳ್ಳಿಗೆ ಅವಳಿಗೆ ನಾಚಿಕೆಯಾಗಿತ್ತು, ಆದರೂ ಅಪ್ಪನದೆನ್ನುವುದು ಏನೂ ಉಳಿಯದ ಮರವನ್ನು ನೋಡಲು ಅವಳಿಂದಾಗುತ್ತಿರಲಿಲ್ಲ.

ಅವನು ಮೊಣಕಾಲೂರಿ ಕೂತು ಬುಡವನ್ನು ಸವರಿದ. ಮೊಣಕಾಲೆತ್ತರದಲ್ಲಿ ತೊಗಟೆ ಉಬ್ಬಿ ಕಾಂಡವನ್ನು ಸುತ್ತುವರಿದಿತ್ತು. ಬೀಜದ ಸಸಿಯೂ ಒಳ್ಳೆಯ ತಳಿಯ ಕುಡಿಯೂ ಕೂಡಿಕೊಂಡ ಕಸಿಯ ಗಂಟು ಅದು.

"ಬೀಜ ಹಾಕಿದ್ದು ಅಣ್ಣ," ಎಂದ. "ಉಪ್ಪುನೀರು ನುಗ್ಗಿದ ವರ್ಷ ದೂರದಿಂದ ಸಿಹಿನೀರು ಹೊತ್ತು ಸಸಿ ಉಳಿಸಿದ್ದೂ ಅವನೇ. ನಾನು ಕುಡಿ ಕೂರಿಸಿದೆ, ಅಷ್ಟೇ. ಬೇರು ಅವನದು."

ಗಂಟಿನ ಕೆಳಗೆ, ನೆಲಕ್ಕೆ ತಾಗುವಂತೆ, ಪಟ್ಟಿ ಸುತ್ತಿ ಕಟ್ಟಿದ. ಉಳಿದ ತುದಿಯನ್ನು ಹಲ್ಲಿನಿಂದ ಹರಿದು ತಲೆಗೆ ಸುತ್ತಿಕೊಂಡ. ಅದು ಗಿಡ್ಡವಾಗಿ ಹಿಂದೆ ಗಂಟು ಹಾಕಲು ಬರಲಿಲ್ಲ. ದಿಯೆಪ್ ತನ್ನ ಕೈಯಲ್ಲಿದ್ದ ಇನ್ನೊಂದು ತುಂಡು ಸೇರಿಸಿ ಕಟ್ಟಿದಳು.

"ಗಂಟಿನ ಮೇಲಿನ ಭಾಗಕ್ಕೆ ಪಟ್ಟಿ ಬೇಡ್ವಾ, ಚಿಕ್ಕಪ್ಪ?"

"ಅದಕ್ಕಿನ್ನೂ ಟೈಮಿದೆ. ನನ್ನ ಸರದಿ ಬಂದಾಗ ನೀನೇ ಬಂದು ಕಟ್ಟು. ಗಂಟಿನ ಮೇಲೆ, ತಿಳೀತಾ?"