ಗೇಟಿಗಿಂತ ಅಗಲದ ಪೆಟ್ಟಿಗೆಗಳು

ಈಗ ಹೇಳಿದರೆ ಯಾರಿಗೆ ಏನು ಸಿಕ್ಕಂತಾಯಿತು? ಈಗಲೂ ಹೇಳದಿದ್ದರೆ ಇನ್ನು ಯಾವಾಗ? ಮೇಷ್ಟ್ರು ಅಣ್ಣನ ಬೈಕಿನ ಪಕ್ಕ ಮೊಣಕಾಲೂರಿ ಅದರ ಎಡಗಡೆಯ ಸಾಮಾನು ಪೆಟ್ಟಿಗೆಯ ನಟ್ಟು ಬಿಚ್ಚುತ್ತಿದ್ದರು. ನಡುಮನೆಯಲ್ಲಿ ಅಣ್ಣನ ದೇಹವಿತ್ತು. ಅದನ್ನು ಹೊರಗೆ ತರಬೇಕಾದ ಓಣಿಯಲ್ಲಿ ಬೈಕು ನಿಂತಿತ್ತು. ಪೆಟ್ಟಿಗೆ ಬಿಚ್ಚದೆ ಬೈಕು ಗೇಟು ದಾಟುವಂತಿರಲಿಲ್ಲ. ಒಳಗೆ ತಂದ ಮೇಲೆ ಮತ್ತೆ ಸಿಕ್ಕಿಸಿಯೇ ಇಡುವುದು ಅಣ್ಣನ ಅಭ್ಯಾಸ.

"ಮನೇಲಿ ಲೆಕ್ಕದ ಮೇಷ್ಟ್ರಿದ್ರೂ ನಿಮ್ಮಣ್ಣನಿಗೆ ಕಳೆಯೋ ಲೆಕ್ಕ ಬರಲಿಲ್ಲ ನೋಡಿ," ಎಂದರು ಬೈಕು ಹಿಡಿದಿದ್ದ ಫೋರ್‌ಮನ್. ಅಣ್ಣ ದುಡಿದದ್ದು ಅವರ ಕೈಕೆಳಗೆ, ರಸ್ತೆಯ ಬೋರ್ಡು ಮಾಡುವ ಶೆಡ್ಡಿನಲ್ಲಿ.

ಬಾಗಿಲಲ್ಲಿದ್ದ ಅತ್ತಿಗೆ ಅಳುತ್ತಲೇ ನಕ್ಕರು. "ಬೀದಿಯೆಲ್ಲ ನಕ್ಕಿದ್ದು ಸಾಲದಾ? ಇವತ್ತಾದ್ರೂ ಬಿಡಿ ಅವರನ್ನ."

*

ವರ್ಷಗಳ ಹಿಂದೆ, ಹೆಂಡತಿಯೊಡನೆ ಬೈಕಿನಲ್ಲಿ ಊರು ಸುತ್ತುವ ಮನಸ್ಸಾದಾಗ, ಅಣ್ಣನಿಗೆ ಅಂಗಡಿಯಿಂದ ಬೈಕಿನ ಪೆಟ್ಟಿಗೆ ಕೊಳ್ಳುವ ಶಕ್ತಿ ಇರಲಿಲ್ಲ. ಅಕ್ಷರ ತಪ್ಪಿ ಶೆಡ್ಡಿನ ಮೂಲೆಗೆ ಬಿದ್ದಿದ್ದ ಅಲ್ಯೂಮಿನಿಯಂ ಬೋರ್ಡುಗಳನ್ನು ಅಣ್ಣ ಕೇಳಿ ತಂದ. ಬರಹ ಒಳಮುಖವಾಗುವಂತೆ ಮಡಚಿ ರಿವೆಟ್ ಹೊಡೆದ. ಮುಚ್ಚಳದ ಅಂಚಿಗೆ ಹಾಳಾದ ಫ್ರಿಜ್ ಬಾಗಿಲಿನ ರಬ್ಬರು, ಬೀಗಕ್ಕೆ ಹಳೆಯ ಟ್ರಂಕಿನ ಕೊಂಡಿ.

"ಇದರೊಳಗೆ ಒಂದು ಹನಿ ನೀರು ಹೋದ್ರೆ ನನ್ನ ಹೆಸರು ಬದಲಾಯಿಸು."

ಶೀಟು ಕತ್ತರಿಸುವ ಮೊದಲೇ ಗೇಟು ಅಳೆಯಲು ಮೇಷ್ಟ್ರಾದ ತಮ್ಮನ ಕೈಗೆ ಟೇಪು ಕೊಟ್ಟಿದ್ದ. ಶೆಡ್ಡಿನ ಟೇಪು, ತುದಿ ಮುರಿದು, ಹತ್ತನೇ ಸೆಂಟಿಮೀಟರಿನಿಂದಲೇ ಶುರುವಾಗುತ್ತಿತ್ತು. ಓದಿದವನೇ ಹತ್ತು ಕಳೆದು ಹೇಳಬೇಕು ಎಂಬುದು ಅಲ್ಲಿನ ಪದ್ಧತಿ.

"ಕಳೆದೆಯಾ?"

"ನನಗೇ ಲೆಕ್ಕ ಹೇಳಿಕೊಡ್ತೀಯಾ? ತೊಂಬತ್ತೆಂಟು. ಬರ್ಕೋ."

ಹೊರಡುವ ಬೆಳಿಗ್ಗೆ ಎರಡೂ ಪೆಟ್ಟಿಗೆ ಗೇಟಿನ ಕಂಬಗಳಿಗೆ ತಗುಲಿ ಬೈಕು ನಿಂತುಬಿಟ್ಟಿತು. ಬೀದಿಯವರು ಸೇರಿದರು. ಅವರಲ್ಲಿ ಮೇಷ್ಟ್ರ ಶಿಷ್ಯರೂ ಇದ್ದರು.

"ಅಳತೆ ಯಾರದ್ದಪ್ಪಾ?" ಎಂದು ಯಾರೋ ಕೂಗಿದರು.

ಅಣ್ಣ ತಮ್ಮನ ಕಡೆ ತಿರುಗಲಿಲ್ಲ. "ನಂದೇ. ಹತ್ತು ಕಳೆಯೋದು ಮರೆತೆ."

ಆ ವಾರವೇ ಬೋಲ್ಟು ತೆಗೆದು, ಕೈಯಲ್ಲೇ ತಿರುಗಿಸುವ ನಟ್ಟು ಹಾಕಿದ. ಮುಂದೆ ಹನ್ನೊಂದು ವರ್ಷ ಗೇಟಿನಾಚೆ ಪೆಟ್ಟಿಗೆ ಸಿಕ್ಕಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗದ ದಾರಿಯಿಲ್ಲ.

*

"ಒಂದು ಮಳೆಗೂ ಬಟ್ಟೆ ಒದ್ದೆಯಾಗಲಿಲ್ಲ," ಎಂದರು ಅತ್ತಿಗೆ.

ಫೋರ್‌ಮನ್ ದನಿ ತಗ್ಗಿಸಿದರು. "ಆ ಗೇಟಿನ ಕತೆ ಕೇಳಿದ್ಮೇಲೆ ನಾನು ಅವನಿಂದ ಶೀಟು ಕತ್ತರಿಸೋ ಕೆಲಸ ಕಿತ್ಕೊಂಡೆ ಮೇಷ್ಟ್ರೇ. ಕಂಬಕ್ಕೆ ಬಣ್ಣ ಬಳಿಯೋಕೆ ಹಾಕ್ದೆ. ತುಟಿ ಪಿಟಕ್ ಅನ್ನಲಿಲ್ಲ."

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಅದು ಬೀದಿಯ ನಗೆಯಲ್ಲೇ ಮುಗಿದಿತ್ತು ಎಂದುಕೊಂಡಿದ್ದರು.

"ಅದಕ್ಕೂ ಮುಂಚೆ ಇಪ್ಪತ್ತು ವರ್ಷದಲ್ಲಿ ಒಂದು ಶೀಟು ಹಾಳು ಮಾಡಿದವನಲ್ಲ. ಅವತ್ತೊಂದು ದಿನ ಹೇಗೆ ತಪ್ಪಿದ?" ಎಂದರು ಫೋರ್‌ಮನ್.

"ತಪ್ಪಿದ್ದಕ್ಕೇ ಅಲ್ವಾ ಬಿಚ್ಚೋ ಪೆಟ್ಟಿಗೆ ಆಗಿದ್ದು?" ಅತ್ತಿಗೆ ತಲೆಯೆತ್ತಿದರು. "ಎಷ್ಟು ಜನ ಬಂದು ಅದೇ ಥರ ಮಾಡಿಸ್ಕೊಂಡು ಹೋದ್ರು!"

ಮೇಷ್ಟ್ರು ಬೈಕನ್ನು ಬೀದಿಗೆ ತಳ್ಳಿ ನಿಲ್ಲಿಸಿದರು. ನಾಲ್ವರು ಅಣ್ಣನನ್ನು ಹೊತ್ತು ತಂದರು. ಗೇಟಿನಲ್ಲಿ ಹೆಗಲು ಓರೆ ಮಾಡಿ, ಕಂಬಕ್ಕೆ ತಾಗಿಸದೆ ದಾಟಿದರು. ಫೋರ್‌ಮನ್ ಇನ್ನೂ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು.

"ಹೊತ್ತಾಯ್ತು, ನಡೀರಿ," ಎಂದರು ಮೇಷ್ಟ್ರು.

ಗೇಟು ಅಳೆದದ್ದು ತಾನು ಎಂದು ಅವರು ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.