ತಿರುವಿಗೆ ಕಾಲಿಂಚು

ಟೈಲರಿಗೆ ತಲೆಬುಡ ಅರ್ಥವಾಗಲಿಲ್ಲ. ಮೂರು ವಾರದ ಹಿಂದೆ ಮೂವತ್ತು ಕಿಲೋಮೀಟರ್ ಓಡಲು ಮೂರು ಗಂಟೆ ಐವತ್ತು ನಿಮಿಷ ತೆಗೆದುಕೊಂಡು, ಅಂಗಡಿ ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಅತ್ತಿದ್ದ ತಂಗಿ, ಈ ಭಾನುವಾರ ಅದೇ ಮೂವತ್ತನ್ನು ಮೂರು ಗಂಟೆ ಹತ್ತು ನಿಮಿಷಕ್ಕೆ ಮುಗಿಸಿ ನಗುತ್ತಾ ನಿಂತಿದ್ದಳು.

"ಅಣ್ಣಾ, ಲೆಕ್ಕ ಹಾಕು. ಹೀಗೇ ಓಡಿದ್ರೆ ಮ್ಯಾರಥಾನಿನ ನಲವತ್ತೆರಡು ಕಿಲೋಮೀಟರೂ ನಾಲ್ಕೂವರೆ ಗಂಟೇಲಿ ಮುಗಿಯುತ್ತೆ!"

ಅವಳಿಗೆ ನಲವತ್ತಮೂರು ವರ್ಷ. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಹೋದ ವರ್ಷದ ಮ್ಯಾರಥಾನಿನಲ್ಲಿ ಮೂವತ್ತಾರನೇ ಕಿಲೋಮೀಟರಿನ ಹತ್ತಿರ ಅವಳನ್ನು ವ್ಯಾನಿಗೆ ಹತ್ತಿಸಿಬಿಟ್ಟಿದ್ದರು. ಓಟ ಶುರುವಾಗಿ ಐದೂವರೆ ಗಂಟೆಯಾದರೆ ರಸ್ತೆ ಮತ್ತೆ ವಾಹನಗಳಿಗೆ ಬಿಡಬೇಕು, ಹಿಂದೆ ಬಿದ್ದವರನ್ನು ಎತ್ತಿಕೊಂಡು ಬರುವ ವ್ಯಾನದು. ಅದರಲ್ಲಿ ಕೂತು, ಕಿಟಕಿಯಾಚೆ ಓಡುತ್ತಿದ್ದವರನ್ನು ನೋಡಿದ ಮೇಲೆ ಒಂದು ವಾರ ಯಾರ ಹತ್ತಿರವೂ ಮಾತಾಡಿರಲಿಲ್ಲ. "ಇನ್ನೊಂದ್ ಸಲ ಅದನ್ನ ಹತ್ತಿದ್ರೆ ಶೂ ಯಾರಿಗಾದ್ರೂ ಕೊಟ್ಬಿಡ್ತೀನಿ," ಎಂದಿದ್ದಳು. ಆಡಿದಂತೆ ಮಾಡುವವಳು ಅವಳು. ಅದೇ ಅಣ್ಣನ ಭಯ.

ಮೈದಾನದ ಕೋಚು ಈ ಸಲ ಎರಡು ಅಪ್ಪಣೆ ಕೊಟ್ಟಿದ್ದರು. ಫೋನು ಮನೆಯಲ್ಲಿರಲಿ, ನಿಮಿಷಕ್ಕೊಮ್ಮೆ ಅದರಲ್ಲಿ ಎಷ್ಟು ದೂರ ಬಂದೆನೆಂದು ನೋಡಿ ನೋಡಿಯೇ ನೀನು ಸುಸ್ತಾಗುವುದು, ಕೈಗೊಂದು ಸಾದಾ ಗಡಿಯಾರ ಸಾಕು. ಹೋದ ದಾರಿಯಲ್ಲಿ ಮತ್ತೆ ಹೋಗಬೇಡ, ಎಲ್ಲಿ ಬೆಂಚಿದೆ ಎಂದು ಕಾಲಿಗೆ ಗೊತ್ತಾದರೆ ಅದು ಕೂರಲು ನೋಡುತ್ತದೆ. ಹೀಗಾಗಿ ಭಾನುವಾರಕ್ಕೊಂದು ಹೊಸ ದಾರಿ ಹುಡುಕುವ ಕೆಲಸ ಅಣ್ಣನ ಪಾಲಿಗೆ ಬಂತು. ಕೇಳಿದ ಕೂಡಲೇ ಒಪ್ಪಿಕೊಂಡ. ಅಳತೆಯ ವಿಷಯದಲ್ಲಿ ತನ್ನನ್ನು ಮೀರಿಸುವವರು ಇದ್ದಾರೆ ಎಂದು ಅವನು ನಂಬಿದವನೇ ಅಲ್ಲ.

ಕತ್ತರಿಸುವ ಮೇಜಿನ ಮೇಲೆ ಊರಿನ ದೊಡ್ಡ ನಕ್ಷೆ ಹರಡುತ್ತಿದ್ದ. ಒಂದಿಂಚಿಗೆ ಒಂದು ಕಿಲೋಮೀಟರ್. ತಿರುವು ಬಂದಲ್ಲೆಲ್ಲ ಒಂದು ಗುಂಡುಸೂಜಿ ಚುಚ್ಚಿ, ಸೂಜಿಯಿಂದ ಸೂಜಿಗೆ ದಾರ ಹಾಯಿಸಿ, ಕೊನೆಗೆ ದಾರ ಬಿಚ್ಚಿ ಟೇಪಿಗೆ ಹಿಡಿಯುತ್ತಿದ್ದ. ಮೂವತ್ತಿಂಚು ಬಂದರೆ ಮೂವತ್ತು ಕಿಲೋಮೀಟರ್. ಇದರಲ್ಲಿ ತಪ್ಪುವುದಕ್ಕೆ ಏನಿದೆ?

ಆದರೂ ಏನೋ ತಪ್ಪುತ್ತಿತ್ತು. ಒಂದು ವಾರ ಜಿಂಕೆ, ಮರುವಾರ ಆಮೆ. ಊಟ, ನಿದ್ದೆ, ಗಾಳಿ, ಶೂ, ಹಿಂದಿನ ದಿನ ಲ್ಯಾಬಿನಲ್ಲಿದ್ದ ಜನಸಂದಣಿ, ಎಲ್ಲವನ್ನೂ ದೂರಿ ಆಯಿತು. ಟೈಲರು ಒಂದು ನೋಟ್‌ಬುಕ್ಕನ್ನೇ ಇಟ್ಟ. ಅದರಿಂದ ತಿಳಿದದ್ದು ಒಂದೇ, ನೇರ ರಸ್ತೆಯಲ್ಲಿ ತಂಗಿ ತೆವಳುತ್ತಾಳೆ, ಸಂದಿಗೊಂದಿಗಳಲ್ಲಿ ಹಾರುತ್ತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಗಾದೆಯಿದೆ. ಇವಳಿಗೆ ನೆಲ ಡೊಂಕಾದರೇನೇ ಕುಣಿತ! ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟು ಗೊಬ್ಬರವಾಯಿತು. ಒಂದು ದಿನ ಪ್ಯಾಂಟೊಂದಕ್ಕೆ ಎರಡೂ ಎಡಗಾಲನ್ನೇ ಕತ್ತರಿಸಿಟ್ಟ.

ಬುಧವಾರ ಮುಂದಿನ ದಾರಿಗೆ ದಾರ ಹಾಯಿಸುತ್ತಿದ್ದಾಗ, ಎದುರಿಗೆ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿ ಕತ್ತು ಉದ್ದ ಮಾಡಿ ನೋಡಿದಳು.

"ಸೂಜಿ ಸೂಜಿಗೂ ಯಾಕ್ರೀ ದಾರ ಸಡಿಲ ಬಿಡ್ತೀರಾ?"

"ಎಲ್ಲಿ ಬಿಟ್ಟೆ?"

"ಇಲ್ನೋಡಿ. ಇಲ್ಲೂ. ಕಾಲಿಂಚು ಮಾರ್ಜಿನ್ನು. ರಸ್ತೇನ ಆಮೇಲೆ ಹೊಲೀಬೇಕಾ?"

ಅವನು ತನ್ನ ಹೆಬ್ಬೆರಳನ್ನು ನೋಡಿದ. ಮೂವತ್ತು ವರ್ಷ ಕತ್ತರಿ ಹಿಡಿದ ಕೈ, ಮೂಲೆ ಬಂತೆಂದರೆ ಯಾರನ್ನೂ ಕೇಳದೆ ಹೊಲಿಗೆಗೆಂದು ಕಾಲಿಂಚು ಹೆಚ್ಚು ಬಿಡುತ್ತಿತ್ತು. ಆ ಸಡಿಲವೂ ಟೇಪಿನಲ್ಲಿ ರಸ್ತೆಯೆಂದೇ ಲೆಕ್ಕಕ್ಕೆ ಬರುತ್ತಿತ್ತು. ನೇರ ರಸ್ತೆಯ ದಾರಿಯಲ್ಲಿ ನಾಲ್ಕೇ ತಿರುವು, ಹೋದದ್ದು ಒಂದು ಕಿಲೋಮೀಟರ್. ಸಂದಿಗಳ ದಾರಿಯಲ್ಲಿ ಇಪ್ಪತ್ನಾಲ್ಕು ತಿರುವು, ಆರು ಕಿಲೋಮೀಟರ್ ಗಾಳಿಗೆ! ತಂಗಿ ಹಾರಿರಲಿಲ್ಲ, ದಾರಿಯೇ ಗಿಡ್ಡವಾಗಿತ್ತು.

ಮ್ಯಾರಥಾನಿಗೆ ಉಳಿದದ್ದು ಹದಿನೇಳು ದಿನ. ಹೇಳಿದರೆ ಅವಳ ನಗು ಹೋಗುತ್ತದೆ, ಹೇಳದಿದ್ದರೆ ಅವಳೇ ಮತ್ತೆ ವ್ಯಾನಿನಲ್ಲಿ ಹೋಗುತ್ತಾಳೆ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಗುರುವಾರ ಸಂಜೆ ಕೆಲಸ ಮುಗಿಸಿ ಅವಳು ಅಂಗಡಿಗೆ ಬಂದಾಗ ಹೇಳಿಯೇಬಿಟ್ಟ. "ಮೊನ್ನೆಯದು ಮೂವತ್ತಲ್ಲ ಕಣೇ. ಇಪ್ಪತ್ನಾಲ್ಕು."

ಅವಳು ತಮಾಷೆಯೆಂದುಕೊಂಡು ನಕ್ಕಳು. ಸೂಜಿ, ದಾರ, ಹೆಬ್ಬೆರಳು ತೋರಿಸಿದ ಮೇಲೆ ನಗಲಿಲ್ಲ.

"ನಾನು ಅತ್ತಿದ್ನಲ್ಲ, ಆವತ್ತಿಂದು?"

"ಇಪ್ಪತ್ತೊಂಬತ್ತು."

"ಹಂಗಾದ್ರೆ ಆವತ್ತು ಚೆನ್ನಾಗಿ ಓಡಿದ್ನಾ? ಮೊನ್ನೆ ಕೆಟ್ಟದಾಗಿ ಓಡಿದ್ನಾ? ನಂಗೇನೂ ಗೊತ್ತಾಗ್ತಿಲ್ಲ. ನಾನು ಓಡೋಳು ಹೌದೋ ಅಲ್ವೋ, ಅದನ್ನಾದ್ರೂ ಹೇಳು!"

"ಎರಡು ದಿನಾನೂ ಒಂದೇ ಓಟ," ಎಂದ ಅಣ್ಣ. ರಾತ್ರಿಯೆಲ್ಲ ಗುಣಿಸಿ ಭಾಗಿಸಿ ನೋಡಿದ್ದ. "ಕಿಲೋಮೀಟರಿಗೆ ಎಂಟು ನಿಮಿಷಕ್ಕೆ ನಾಲ್ಕು ಸೆಕೆಂಡು ಕಮ್ಮಿ. ಆವತ್ತೂ ಅಷ್ಟೇ, ಮೊನ್ನೇನೂ ಅಷ್ಟೇ."

"ಹಾಗೇ ಓಡಿದ್ರೆ ಐದೂವರೆ ಗಂಟೇಲಿ ಮುಗಿಯುತ್ತಾ?"

'ಆಗುತ್ತೆ ಬಿಡೇ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ಇಲ್ಲ. ಐದು ನಿಮಿಷ ತಡ ಆಗುತ್ತೆ."

ಹೆಂಡತಿ ಹೊಲಿಗೆ ನಿಲ್ಲಿಸಿದಳು. ತಂಗಿ ಸ್ಟೂಲು ಎಳೆದುಕೊಂಡು ಕೂತಳು. ಅಳುತ್ತಾಳೆಂದು ಅಣ್ಣ ಕಾದ. ಅವಳು ನಕ್ಷೆಯನ್ನೇ ನೋಡುತ್ತಿದ್ದಳು.

"ಹೋದ ವರ್ಷ ಎಲ್ರೂ ಆಗುತ್ತೆ ಬಿಡು ಅಂದ್ರು," ಎಂದಳು ಕೊನೆಗೆ. "ನೀನೂ ಅಂದೆ, ಅತ್ತಿಗೇನೂ ಅಂದ್ರು. ಎಷ್ಟು ಕಮ್ಮಿ ಬೀಳುತ್ತೆ ಅಂತ ಯಾರೂ ಹೇಳ್ಲಿಲ್ಲ. ಐದು ನಿಮಿಷ ಅಂದ್ರೆ ಕಿಲೋಮೀಟರಿಗೆ ಎಷ್ಟಾಯ್ತು?"

"ಏಳು ಸೆಕೆಂಡು."

ಅವಳು ಮಣಿಕಟ್ಟು ತಿರುಗಿಸಿ ಗಡಿಯಾರದ ಮುಳ್ಳು ನೋಡುತ್ತಾ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸತೊಡಗಿದಳು. ಏಳಕ್ಕೆ ನಿಲ್ಲಿಸಿ ತಲೆ ಎತ್ತಿದಳು.

"ಇಷ್ಟೇನಾ ಅಣ್ಣಾ?"

"ಇಷ್ಟೇ," ಎಂದ ಅವನು. "ಆದ್ರೆ ನಲವತ್ತೆರಡು ಸಲ."